ಎರಡು ಪ್ಲಸ್ಸಿನ ಕಾಫಿ

ಶನಿವಾರ ಸಂಜೆ, ಸಿಂಗಾಪುರದ ಜುರಾಂಗ್ ಈಸ್ಟಿನ ಮಾಲು. ಹೊಸ ಹೋಟೆಲು ಹುಡುಕುವುದು ಈ ದಂಪತಿಯ ವಾರದ ವ್ರತ.

"ರೀ, ಈ ಕೆಫೆ? ಸ್ಟಾರ್ ಚೆನ್ನಾಗಿದೆ."

"ಬೆಲೆ ಪಕ್ಕ ಎರಡು ಪ್ಲಸ್ ನೋಡಿದ್ಯಾ? ಒಂದು ಶೇ. 10 ಸರ್ವಿಸ್, ಇನ್ನೊಂದು ಶೇ. 9 ಜಿಎಸ್‌ಟಿ. ಕುಡಿಯೋಕೆ ಮುಂಚೇನೇ ಕಹಿ."

"ಹಾಗಾದ್ರೆ ಹಾಕರ್ ಸೆಂಟರಿಗೇ ನಡೀರಿ. 2020ರಲ್ಲಿ ಯುನೆಸ್ಕೊನೇ ಮೆಚ್ಚಿದೆ."

(ಯುನೆಸ್ಕೊ ಸೀಟು ಹಿಡಿದುಕೊಡುವುದಿಲ್ಲ.)

"ಅಗೋ, ಖಾಲಿ ಮೇಜು!"

"ಟಿಶ್ಯೂ ಪ್ಯಾಕೆಟ್ ಇಟ್ಟಿದಾರೆ ಕಣೇ. ನಮ್ಮೂರ ಬಸ್ಸಲ್ಲಿ ಕಿಟಕಿಯಿಂದ ಟವೆಲ್ ಹಾಕ್ತಾರಲ್ಲ, ಹಾಗೆ."

ಅಂತೂ ಕೂತರು.

"ಈ ಸೊಪ್ಪಿನ ಪಲ್ಯ ವೆಜ್ಜಾ?"

"ಸೊಪ್ಪು ವೆಜ್ಜೇ. ಅದಕ್ಕೆ ಹಾಕಿರೋ ಬೆಲಚಾನ್ ಮಾತ್ರ ಸಿಗಡಿ."

"ಶಿವನೇ! ಹಾಗಾದ್ರೆ ಬರೀ ಕೋಪಿ."

ಕುಡಿದಾಯಿತು. ಯಜಮಾನರು ತಾವೇ ಎದ್ದು ಟ್ರೇ ಎತ್ತಿಕೊಂಡರು.

"ಅಬ್ಬಾ! ಏನ್ರೀ ಇದು?"

"ಟ್ರೇ ನಾವೇ ವಾಪಸ್ ಇಡ್ಬೇಕು, 2021ರಿಂದ ಕಾನೂನು. ಇಲ್ಲಾಂದ್ರೆ ದಂಡ."

"ದಂಡ ಎಷ್ಟಂತೆ? ಮನೇಲೂ ಬೋರ್ಡು ಹಾಕಿಸ್ತೀನಿ."