ಅಳತೆ ರವಿಕೆಯ ಶಾಸ್ತ್ರ

ಚಾಮರಾಜನಗರ ಸೀಮೆಯ ಉಡುಗೆ ತೊಡುಗೆಯ ಚರಿತ್ರೆಯನ್ನು ಬರೆಯಹೊರಡುವವರು ಮೊದಲಿಗೆ ಒಪ್ಪಿಕೊಳ್ಳಬೇಕಾದ ಸಂಗತಿಯೆಂದರೆ, ಇಲ್ಲಿನ ಜನ ಬಹುಕಾಲ ಸೂಜಿಯ ಹಂಗಿಲ್ಲದೆಯೇ ಮಾನವಂತರಾಗಿ ಬಾಳಿದ್ದರು ಎಂಬುದು. ಸೀರೆ, ಪಂಚೆ, ವಲ್ಲಿ ಇವೆಲ್ಲವೂ ಮಗ್ಗದಿಂದ ಇಳಿದಂತೆಯೇ ನೇರವಾಗಿ ಮೈಗೇರುವ ವಸ್ತ್ರಗಳಾದ್ದರಿಂದ ಕತ್ತರಿಗೂ ಟೇಪಿಗೂ ಅಲ್ಲಿ ಕೆಲಸವಿರಲಿಲ್ಲ. ಕೊಳ್ಳೇಗಾಲದ ಮಗ್ಗದಲ್ಲಿ ನೆಯ್ದ ಐದೂವರೆ ಮೀಟರಿನ ರೇಷ್ಮೆ ಸೀರೆಯೊಂದು ಕಡ್ಡಿಯಂತಿದ್ದ ಮದುವಣಗಿತ್ತಿಗೂ, ಮೂರು ಹೆತ್ತ ಮೇಲಿನ ಅದೇ ತಾಯಿಗೂ, ಮುಂದೆ ಅವಳ ಸೊಸೆಗೂ, ನೆರಿಗೆಯಲ್ಲಿ ಕೊಂಚ ಹೆಚ್ಚುಕಡಿಮೆ ಮಾಡಿಕೊಂಡು ಸರಿಹೊಂದುತ್ತಿತ್ತೇ ಹೊರತು, ಉಟ್ಟವರ ತೂಕದ ವಿಚಾರದಲ್ಲಿ ಎಂದೂ ಬಾಯಿಬಿಟ್ಟದ್ದಿಲ್ಲ. ತೊಡಕು ಆರಂಭವಾದದ್ದು ರವಿಕೆಯಿಂದ. ಮೈಯ ಅಳತೆಗೆ ಕತ್ತರಿಸಿ ಹೊಲಿಯಲೇಬೇಕಾದ ಈ ಗೇಣುದ್ದದ ಉಡುಪು ಸೀರೆಯ ಜೊತೆಗೂಡಿದಂದಿನಿಂದ, ಬಟ್ಟೆಗೂ ಅದನ್ನು ತೊಡುವವರಿಗೂ ನಡುವೆ ದರ್ಜಿ ಎಂಬ ಮೂರನೆಯವರು ಬಂದು ಕುಳಿತರು. ಅವರ ಬೆನ್ನಿಗೇ ‘ನಾಳೆ’ ಎಂಬ ವಾಯಿದೆಯೂ ಬಂದು ಕುಳಿತಿತು.

ಈ ವಾಯಿದೆಯ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅಗತ್ಯ. “ನಾಳಕ ಬಾಕ್ಕ, ಹುಕ್ಕೊಂದು ಬಾಕಿ ಅದ” ಎಂದು ಈ ಸೀಮೆಯ ಟೈಲರುಗಳು ಹೇಳುವಾಗ, ಹುಕ್ಕು ಎಂದರೆ ರವಿಕೆಯ ಮುಂಭಾಗವನ್ನು ಕೂಡಿಸುವ ಪುಟ್ಟ ತಂತಿಯ ಕೊಂಡಿ ಎಂದಷ್ಟೇ ತಿಳಿಯಬಾರದು. ಬಟ್ಟೆಯನ್ನು ಇನ್ನೂ ಚೀಲದಿಂದ ಹೊರತೆಗೆದಿಲ್ಲ ಎಂಬ ಅರ್ಥವೂ ಅದರಲ್ಲಿ ಅಡಗಿರುತ್ತದೆ. ಉಳಿದ ಊರುಗಳಲ್ಲಿ ಆಷಾಢವು ಮದುವೆ ಮುಂಜಿಗಳಿಲ್ಲದ ಬರಿದು ತಿಂಗಳಾಗಿ ಟೈಲರುಗಳಿಗೆ ಉಸಿರಾಡುವ ಬಿಡುವು ಕೊಡುತ್ತದೆಯಾದರೂ ಚಾಮರಾಜನಗರದಲ್ಲಿ ಆ ಸೌಲಭ್ಯವೂ ಪೂರ್ತಿಯಾಗಿ ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ನೆನಪಿಗಾಗಿ 1826ರಲ್ಲಿ ಕಟ್ಟಿಸಿದ ಚಾಮರಾಜೇಶ್ವರ ದೇವಾಲಯದ ತೇರು ಎಳೆಯುವುದು ಆಷಾಢದಲ್ಲಿಯೇ. ಆ ತಿಂಗಳು ಅತ್ತೆ ಸೊಸೆ ಒಂದೇ ಸೂರಿನಡಿ ಇರಬಾರದೆಂಬ ಪದ್ಧತಿಯಿಂದಾಗಿ ತವರು ಸೇರಿದ್ದ ಹೊಸ ಮದುವಣಗಿತ್ತಿಯರು ತಮ್ಮ ಗಂಡಂದಿರನ್ನು ಕೂಡಿಕೊಂಡು ತೇರಿಗೆ ಹಣ್ಣು ಜವನ ಎಸೆಯಲು ಬರುವುದೂ ಆಗಲೇ. ಗಂಡನನ್ನು ಒಂದು ತಿಂಗಳು ಬಿಟ್ಟಿರಲು ಒಪ್ಪುವ ಹೆಣ್ಣುಮಗಳು, ತೇರಿನ ದಿನ ಹೊಂದಿಕೆಯ ರವಿಕೆಯಿಲ್ಲದೆ ಇರಲು ಒಪ್ಪುವುದಿಲ್ಲ. ‘ಇನ್ನು ಮುಂದೆ ಮನೆಯಲ್ಲೇ ಹೊಲಿದುಕೊಳ್ಳುವುದು’ ಎಂಬ ಸಂಕಲ್ಪ ಹುಟ್ಟುವುದು ಇಂಥ ಸಂದರ್ಭಗಳಲ್ಲಿ, ಅದೂ ಟೈಲರ್ ಅಂಗಡಿಯ ಮೆಟ್ಟಿಲಿನ ಮೇಲೆಯೇ.

ಸಂಕಲ್ಪದ ಮುಂದಿನ ಹೆಜ್ಜೆ ಯಂತ್ರ. ಹೊಲಿಗೆ ಯಂತ್ರದ ಪೂರ್ವಚರಿತ್ರೆಯು ಟೈಲರುಗಳ ಪಾಲಿಗೆ ಸಂತೋಷದ್ದಲ್ಲ. 1830ರಲ್ಲಿ ಫ್ರಾನ್ಸಿನ ತಿಮೊನಿಯೇ ಎಂಬ ದರ್ಜಿ ತನ್ನ ಯಂತ್ರಕ್ಕೆ ಹಕ್ಕುಪತ್ರ ಪಡೆದು, ಸೈನಿಕರ ಸಮವಸ್ತ್ರ ಹೊಲಿಯುವ ಕಾರ್ಖಾನೆಯನ್ನೇ ಹೂಡಿದಾಗ, ಅನ್ನ ಹೋಗುತ್ತದೆಂದು ಹೆದರಿದ ಪ್ಯಾರಿಸಿನ ದರ್ಜಿಗಳು ನುಗ್ಗಿ ಯಂತ್ರಗಳನ್ನು ಪುಡಿಗುಟ್ಟಿದರು. ಅಮೆರಿಕದ ಎಲಿಯಸ್ ಹೋವ್ 1846ರಲ್ಲಿ ಹಕ್ಕುಪತ್ರ ಪಡೆದ ಯಂತ್ರದಲ್ಲಿ ಸೂಜಿಯ ಕಣ್ಣು ಹಿಂತುದಿಯಿಂದ ಮುಂತುದಿಗೆ ಬಂದಿತ್ತು. ಮೇಲಿನ ದಾರವನ್ನು ಬಟ್ಟೆಯ ಕೆಳಕ್ಕೆ ಒಯ್ದು ಕುಣಿಕೆ ಮಾಡುವ ಸೂಜಿಯೂ, ಆ ಕುಣಿಕೆಯೊಳಗೆ ಕೆಳಗಿನ ದಾರವನ್ನು ತೂರಿಸುವ ಶಟಲ್ಲೂ ಸೇರಿ ಹಾಕುವ ಈ ಗಂಟುಹೊಲಿಗೆಯೇ ಇಂದಿಗೂ ಮನೆಮನೆಯ ಯಂತ್ರದ ಜೀವಾಳ. 1851ರಲ್ಲಿ ಐಸಾಕ್ ಸಿಂಗರ್ ತನ್ನ ಸುಧಾರಿತ ಯಂತ್ರವನ್ನು ಹೊರತಂದುದಲ್ಲದೆ, ಕೆಲವೇ ವರ್ಷಗಳಲ್ಲಿ ಅದನ್ನು ಕಂತಿನ ಮೇಲೆ ಮಾರುವ ದಾರಿಯನ್ನೂ ಕಂಡುಕೊಂಡನು; ಸಂಸಾರಗಳು ಬಟ್ಟೆಗೆ ತೇಪೆ ಹಾಕುತ್ತ ಸಾಲ ತೀರಿಸುವ ಪದ್ಧತಿಯು ಅಲ್ಲಿಂದ ಬಲಗೊಂಡಿತು.

ಯಂತ್ರಗಳ ಮೇಲಿನ ಮೋಹವನ್ನು ಖಂಡಿಸುತ್ತಿದ್ದ ಗಾಂಧೀಜಿಯೂ 1924ರ ಒಂದು ಸಂವಾದದಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಹೆಂಡತಿಯು ಕೈಯಿಂದ ಹೊಲಿದು ಹೊಲಿದು ಬಳಲುವುದನ್ನು ನೋಡಲಾರದೆ ಸಿಂಗರ್ ಅದನ್ನು ಕಂಡುಹಿಡಿದನೆಂಬುದು ಅವರ ನಂಬಿಕೆಯಾಗಿತ್ತು. ಸಿಂಗರನ ಜೀವನಚರಿತ್ರೆಯಾದರೋ ಅಷ್ಟು ಸರಳವಾಗಿಲ್ಲ: ಆತನಿಗೆ ಒಂದಕ್ಕಿಂತ ಹೆಚ್ಚು ಸಂಸಾರಗಳೂ ಇಪ್ಪತ್ತಕ್ಕಿಂತ ಹೆಚ್ಚು ಮಕ್ಕಳೂ ಇದ್ದು, ಅಷ್ಟೂ ಮಂದಿಗೆ ಕೈಯಲ್ಲಿ ಹೊಲಿದು ಪೂರೈಸುವುದು ಯಾವ ಹೆಂಡತಿಯಿಂದಲೂ ಆಗುವ ಮಾತಲ್ಲವಾದ್ದರಿಂದ, ಯಂತ್ರದ ಅಗತ್ಯವನ್ನಂತೂ ಯಾರೂ ಅಲ್ಲಗಳೆಯಲಾರರು. ಗಾಂಧೀಜಿ 1927ರಲ್ಲಿ ಭೇಟಿಯಿತ್ತ ಬದನವಾಳು ಖಾದಿ ಕೇಂದ್ರವು ಮೈಸೂರಿನಿಂದ ಚಾಮರಾಜನಗರಕ್ಕೆ ಬರುವ ರೈಲುದಾರಿಯಲ್ಲಿಯೇ ಇದೆ. ಅಲ್ಲಿ ನೂತು ನೆಯ್ದ ಖಾದಿಯೂ ಜುಬ್ಬವಾಗಬೇಕಾದರೆ ಕಡೆಗೆ ಸೂಜಿಯ ಬಾಯಿಗೇ ಬೀಳಬೇಕಾಗಿತ್ತೆಂಬುದರಿಂದ ಆ ವಿನಾಯಿತಿಯ ದೂರದೃಷ್ಟಿ ವಿದಿತವಾಗುತ್ತದೆ. 1930ರ ದಶಕದ ನಡುವಿನಲ್ಲಿ ಕಲ್ಕತ್ತೆಯಲ್ಲಿ ತಯಾರಾಗತೊಡಗಿದ ಉಷಾ ಯಂತ್ರವು ಸಿಂಗರಿಗೆ ಸ್ವದೇಶಿ ಎದುರಾಳಿಯಾಯಿತು. ಕಪ್ಪು ಮೈಯ, ಹೊನ್ನಬಣ್ಣದ ಬಳ್ಳಿಯ ಚಿತ್ತಾರದ ಆ ಯಂತ್ರಗಳು ಹಳ್ಳಿಯ ಮನೆಗಳ ಕಿಟಕಿಯ ಪಕ್ಕಕ್ಕೂ ಬಂದು ನಿಂತವು.

ಇಂದು ಯಂತ್ರವು ಮನೆಗೆ ಬರುವ ದಾರಿಗಳು ಹಲವು. ಅಭಿವೃದ್ಧಿ ನಿಗಮಗಳು ಫಲಾನುಭವಿಗಳಿಗೆ, ಅಂದರೆ ಯೋಜನೆಯ ಪಟ್ಟಿಯಲ್ಲಿ ಹೆಸರು ಬಂದವರಿಗೆ, ಹೊಲಿಗೆ ಯಂತ್ರ ವಿತರಿಸುವುದುಂಟು. ಸಮಾರಂಭದ ಚಿತ್ರದಲ್ಲಿ ಒಂದು ಯಂತ್ರವನ್ನು ಏಳೆಂಟು ಮಂದಿ ಗಣ್ಯರು ಮುಟ್ಟಿಕೊಂಡು ನಿಂತಿದ್ದು, ಅದನ್ನು ಮುಂದೆ ತುಳಿಯಬೇಕಾದ ಹೆಣ್ಣುಮಗಳು ಅಂಚಿನಲ್ಲಿ ಅರ್ಧ ಮಾತ್ರ ಕಾಣುವುದು ಈ ವಿಧಿಯ ಲಕ್ಷಣ. 2023ರ ಆಗಸ್ಟಿನಲ್ಲಿ ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿಯನ್ನು ಕೂಡಿಟ್ಟು ಯಂತ್ರ ಕೊಂಡ ಗೃಹಿಣಿಯರೂ ಇದ್ದಾರೆ. ಹೇಗೆ ಬಂದರೂ ಯಂತ್ರದ ಮನೆಬಾಳಿನಲ್ಲಿ ಮೂರು ಅವಸ್ಥೆಗಳನ್ನು ಗುರುತಿಸಬಹುದು: ಮೊದಲನೆಯದರಲ್ಲಿ ಅದಕ್ಕೆ ಅರಿಶಿನ ಕುಂಕುಮವಿಟ್ಟು ಪೂಜೆಯಾಗುತ್ತದೆ, ಎರಡನೆಯದರಲ್ಲಿ ಹಗಲೂ ರಾತ್ರಿಯೂ ಕಟಕಟ ಸದ್ದು ಕೇಳುತ್ತದೆ, ಮೂರನೆಯದರಲ್ಲಿ ಅದರ ಹಲಗೆಯ ಮೇಲೆ ಒಗೆದು ಮಡಿಸದ ಬಟ್ಟೆಯ ರಾಶಿ, ಮೊಬೈಲ್ ಚಾರ್ಜರು, ಕರೆಂಟಿನ ಬಿಲ್ಲುಗಳು ಬೀಡುಬಿಟ್ಟು, ಮುಂದಿನ ಆಯುಧಪೂಜೆಯ ತನಕ ಯಂತ್ರವು ಕಣ್ಮರೆಯಾಗುತ್ತದೆ.

ಎರಡನೆಯ ಅವಸ್ಥೆಯು ಉಳಿಯಬೇಕಾದರೆ ಶಿಕ್ಷಣ ಬೇಕು. ಟೈಲರಿಂಗ್ ಕ್ಲಾಸುಗಳಲ್ಲಿ ಪಾಠವು ಬಟ್ಟೆಯಿಂದಲ್ಲ, ಹಳೆಯ ದಿನಪತ್ರಿಕೆಯಿಂದ ಆರಂಭವಾಗುತ್ತದೆ. ಕಲಿಯುವವರು ಕಾಗದದ ಮೇಲೆ ಗೆರೆ ಎಳೆದು, ಮೊದಲು ಕೂಸಿನ ಜಬಲ, ಆಮೇಲೆ ಲಂಗ, ಕೊನೆಗೆ ರವಿಕೆ ಎಂಬ ಕ್ರಮದಲ್ಲಿ ಕತ್ತರಿಸುತ್ತ ಹೋಗುವುದರಿಂದ, ನಾಡಿನ ದೊಡ್ಡ ದೊಡ್ಡ ನಾಯಕರ ಮುಖಗಳು ಇಲ್ಲಿ ಕೊರಳ ಆಳಕ್ಕೂ ಕಂಕುಳ ತಿರುವಿಗೂ ತಕ್ಕಂತೆ ಯಾವ ಪಕ್ಷಪಾತವೂ ಇಲ್ಲದೆ ಛೇದಗೊಳ್ಳುತ್ತವೆ. ಕಾಗದದಲ್ಲಿ ಕತ್ತರಿಸಿದ ರವಿಕೆಯು ಯಾವಾಗಲೂ ಸರಿಯಾಗಿಯೇ ಇರುತ್ತದೆ; ಕಾಗದವನ್ನು ಯಾರೂ ತೊಡುವುದಿಲ್ಲ.

ಬಟ್ಟೆಯ ರವಿಕೆಗೆ ಬಂದಾಗ ಅಳತೆಯ ಪ್ರಶ್ನೆ ಏಳುತ್ತದೆ. ಟೇಪು ಹಿಡಿದು ಮೈಯನ್ನೇ ಅಳೆಯುವುದು ಶಾಸ್ತ್ರೋಕ್ತ ವಿಧಾನವಾದರೂ, ರೂಢಿಯಲ್ಲಿ ಗೆದ್ದಿರುವುದು ‘ಅಳತೆ ರವಿಕೆ’. ಈಗಾಗಲೇ ಹೊಂದುತ್ತಿರುವ ಒಂದು ಹಳೆಯ ರವಿಕೆಯನ್ನು ಮಾದರಿಯಾಗಿ ಹಾಸಿಕೊಂಡು, ಅದರ ಮೇರೆಗೆ ಹೊಸದನ್ನು ಕತ್ತರಿಸುವುದು ಇದರ ಕ್ರಮ. ಆದರೆ ಆ ಹಳೆಯದು ಅದಕ್ಕಿಂತ ಹಳೆಯದೊಂದರ ಅಳತೆಗೆ ಹೊಲಿದದ್ದಾಗಿದ್ದು, ಅದರ ಎಡತೋಳಿನ ಬಿಗಿಯೂ ಬಲಭುಜದ ಜೋಲೂ ಹೊಸದಕ್ಕೆ ವಂಶಪಾರಂಪರ್ಯವಾಗಿ ಇಳಿಯುತ್ತವೆ. ಇಷ್ಟಕ್ಕೂ ಅಳತೆ ರವಿಕೆಯು ನಿಜವಾಗಿ ದಾಖಲಿಸುವುದು ಅದನ್ನು ತೊಟ್ಟವರ ಇಂದಿನ ಮೈಯನ್ನಲ್ಲ, ಅವರು ತಮ್ಮದೆಂದು ನಂಬಿರುವ ಕೆಲವು ವರ್ಷಗಳ ಹಿಂದಿನ ಮೈಯನ್ನು. ಈ ಅಂತರವನ್ನು ಬಲ್ಲ ಅನುಭವಿಗಳು ಪಕ್ಕದ ಹೊಲಿಗೆಯ ಒಳಗೆ ಎರಡು ಬೆರಳಷ್ಟು ಬಟ್ಟೆ ಬಿಟ್ಟು, ಒಂದರ ಪಕ್ಕ ಒಂದರಂತೆ ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾರೆ. ಒಂದೊಂದು ಹಬ್ಬದ ಸಾಲು ಕಳೆದಂತೆಯೂ ಒಂದೊಂದು ಸಾಲನ್ನು ಬಿಚ್ಚಿಕೊಳ್ಳುವ ಈ ಏರ್ಪಾಡು, ಬ್ಯಾಂಕಿನಲ್ಲಿಟ್ಟ ಠೇವಣಿಯನ್ನು ಸ್ವಲ್ಪಸ್ವಲ್ಪವೇ ತೆಗೆದು ತಿಂದಂತೆಯೇ ಸರಿ. ಕೊನೆಯ ಸಾಲೂ ಬಿಚ್ಚಿದ ದಿನ ಮನೆಯಲ್ಲಿ ಬೆಳಗಿನ ವಾಕಿಂಗಿನ ಮಾತು ಬರುತ್ತದೆ.

ಕತ್ತರಿಸಿದ ಮೇಲೆ ಹೊಂದಿಕೆಯ ಅಧ್ಯಾಯ. ಹೊಂದಿಕೆ, ಅಂದರೆ ಜನರ ಬಾಯಲ್ಲಿ ಮ್ಯಾಚಿಂಗ್, ಮೂರು ಬಗೆಯದು: ದಾರದ್ದು, ಲೈನಿಂಗ್ ಎಂಬ ಒಳವಸ್ತ್ರದ್ದು, ಮತ್ತು ಸೀರೆಯಡಿಗೆ ಹಚ್ಚುವ ಫಾಲ್ಸಿನದು. ಊಟಿಯ ದಾರಿಯೂ ಕೇರಳದ ದಾರಿಯೂ ಕವಲೊಡೆಯುವ ಗುಂಡ್ಲುಪೇಟೆಯ ಸುತ್ತ ಮಳೆಗಾಲದಲ್ಲಿ ಚೆಂಡುಮಲ್ಲಿಗೆಯ ಹೊಲಗಳು ಅರಳಿ, ದಾರಿಹೋಕರೆಲ್ಲ ಕಾರು ನಿಲ್ಲಿಸಿ ಚಿತ್ರ ತೆಗೆಸಿಕೊಳ್ಳುವುದನ್ನು ಕಂಡ ಸ್ಥಳೀಯ ಗೃಹಿಣಿಗೆ ಅದೇ ಬಣ್ಣದ ರವಿಕೆಯ ಆಸೆ ಹುಟ್ಟುವುದು ಸಹಜ. ಹೊಲದಲ್ಲಿ ಎಕರೆಗಟ್ಟಲೆ ಸಿಗುವ ಆ ಬಣ್ಣ ದಾರದ ಉಂಡೆಯಲ್ಲಿ ಮಾತ್ರ ಸಿಗುವುದಿಲ್ಲ. ಫ್ಯಾನ್ಸಿ ಸ್ಟೋರಿನ ದೀಪದಡಿ ಸರಿಯಾಗಿದ್ದ ದಾರವು ರಸ್ತೆಯ ಬಿಸಿಲಿಗೆ ಬಂದೊಡನೆ ಕಿತ್ತಳೆಯಾಗುತ್ತದೆ, ಮನೆಯ ಬಲ್ಬಿನಡಿ ಅರಿಶಿನವಾಗುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ, ತೆರಕಣಾಂಬಿಯಿಂದ ಗುಂಡ್ಲುಪೇಟೆಗೆ, ಅಲ್ಲಿ ಸಿಗದಿದ್ದರೆ ಚಾಮರಾಜನಗರಕ್ಕೆ, ಅಲ್ಲಿಯೂ ಸಿಗದಿದ್ದರೆ ಮೈಸೂರಿಗೆ ಒಂದು ದಾರದ ಉಂಡೆಯನ್ನು ಅರಸಿ ಹೋಗಿಬರುವುದು ಆರ್ಥಿಕವಾಗಿ ಸಾಧ್ಯವಾಗಿದೆ. ಬಂಡೀಪುರದ ಕಾಡುದಾರಿ 2009ರಿಂದ ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಗಿನ ಆರಕ್ಕೆ ತೆರೆಯುತ್ತದೆಯಾದ್ದರಿಂದ, ಹುಡುಕಾಟವು ಊಟಿಯವರೆಗೆ ಹಬ್ಬದಂತೆ ಒಂದು ತಡೆಯಾದರೂ ಇದೆ.

ಇನ್ನು ಲೆಕ್ಕ. ಮನೆಯಲ್ಲಿ ಹೊಲಿದರೆ ಹಣ ಉಳಿಯುತ್ತದೆಂಬ ಪ್ರಮೇಯವನ್ನು ಬಹಳ ಮಂದಿ ಮಂಡಿಸುತ್ತಾರೆ. ಉಳಿಯುವುದು ಹೊಲಿಗೆ ಕೂಲಿ ಮಾತ್ರ. ಇದರೆದುರಿಗೆ ಯಂತ್ರದ ಬೆಲೆ, ಕಾಲಿನಿಂದ ತುಳಿಯಲಾರದೆ ಹಾಕಿಸಿದ ಮೋಟಾರು, ಮುರಿದ ಸೂಜಿಗಳು, ಎಣ್ಣೆ, ಸೀಮೆಸುಣ್ಣ, ಕತ್ತರಿಗೆ ಸಾಣೆ, ತೋಳು ತಿರುಗುಮುರುಗಾಗಿ ಕೂಡಿಹೋದ ಕಾರಣ ಕೊಂಡ ಎರಡನೆಯ ಬಟ್ಟೆ, ಇಷ್ಟನ್ನೂ ಬರೆದು ಕೂಡಿದರೆ, ಮನೆಯಲ್ಲಿ ಹೊಲಿದ ಮೊದಲ ರವಿಕೆಯು ಅದರ ಜೊತೆಗಿನ ಸೀರೆಗಿಂತ ತುಟ್ಟಿಯಾಗಿ ನಿಲ್ಲುವುದುಂಟು. ಆದರೆ ಲೆಕ್ಕಕ್ಕೆ ಸಿಗದ ಒಂದು ಸಂಪನ್ಮೂಲ ಈ ಸೀಮೆಯ ಪ್ರತಿ ಬೀರುವಿನಲ್ಲಿಯೂ ಇದೆ. ಅರಿಶಿನ ಕುಂಕುಮದ ಜೊತೆಗೆ ತಾಂಬೂಲದಲ್ಲಿಟ್ಟು ಕೊಡುವ ಬಿಡಿ ಬಟ್ಟೆ, ಅಂದರೆ ರವಿಕೆ ಕಣ, ಒಂದು ಮನೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಮಡಿಕೆ ಬಿಚ್ಚದೆಯೇ ಸಂಚರಿಸಿ, ಕೆಲವು ಗೌರಿ ಹಬ್ಬಗಳ ಬಳಿಕ ಹೊರಟಲ್ಲಿಗೇ ಮರಳುತ್ತದೆ. ಮನೆಯಲ್ಲಿ ಹೊಲಿಗೆ ಕಲಿತವರ ಅತಿ ದೊಡ್ಡ ಸಾಮಾಜಿಕ ಅಪರಾಧವೆಂದರೆ, ಅಭ್ಯಾಸಕ್ಕೆಂದು ಇಂಥ ಕಣವೊಂದಕ್ಕೆ ಕತ್ತರಿಯಿಟ್ಟು ಊರಿನ ಈ ಚಲಾವಣೆಯನ್ನು ಮುರಿಯುವುದು.

ಗಂಡಸರ ಪಾತ್ರವನ್ನೂ ಹೇಳದೆ ಬಿಡುವಂತಿಲ್ಲ. ಸೂಜಿಯ ಕೆಲಸ ಹೆಂಗಸರದೆಂಬ ತಿಳಿವಳಿಕೆ ಈಚಿನದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರೇ ಇದ್ದು, ಬಟ್ಟೆ ಹೊಲಿಯುವುದೇ ಅವರ ಕಾಯಕವಾಗಿತ್ತು. ಇಂದಿನ ಮನೆಯಲ್ಲಿ ಗಂಡಸಿನ ಕಾಯಕವು ಸೂಜಿಗೆ ದಾರ ಪೋಣಿಸಿಕೊಡುವುದಕ್ಕೂ, ‘ಹೇಗಿದೆ?’ ಎಂದಾಗ ತಡಮಾಡದೆ ಉತ್ತರಿಸುವುದಕ್ಕೂ ಇಳಿದಿದೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯ ಉತ್ತರಾರ್ಧದಲ್ಲಿ ಬರುವ ಪರರು ತಾವೇ ಎಂಬುದನ್ನು ಅವರು ಬೇಗ ತಿಳಿಯುವುದು ಕ್ಷೇಮ. ಜೂನ್ ಬಂದೊಡನೆ ಮಕ್ಕಳ ಸರದಿ. ಸರ್ಕಾರಿ ಶಾಲೆಗಳಲ್ಲಿ ವಿದ್ಯಾವಿಕಾಸ ಯೋಜನೆಯಡಿ ಸಮವಸ್ತ್ರದ ಬಟ್ಟೆ ಸಿಗುತ್ತದೆ, ಹೊಲಿಗೆಯ ಭಾರ ಮಾತ್ರ ಹೆತ್ತವರ ಹೆಗಲಿಗೆ ಬೀಳುತ್ತದೆ. ಬೆಳೆಯುವ ಮಗುವೆಂದು ಮುಂದಾಲೋಚಿಸಿ ತಾಯಿ ಹೊಲಿದ ಚಡ್ಡಿಯು ಮೊದಲ ವರ್ಷ ಮೊಣಕಾಲ ಕೆಳಗೂ, ಎರಡನೆಯ ವರ್ಷ ಸರಿಯಾಗಿಯೂ, ಮೂರನೆಯ ವರ್ಷ ತಮ್ಮನ ಮೈಮೇಲೂ ಕಾಣಿಸುತ್ತದೆ.

ಇಷ್ಟೆಲ್ಲ ವಿಚಾರಿಸಿದ ಮೇಲೆ, ಮನೆಯ ಹೊಲಿಗೆಯ ನಿಜವಾದ ಲಾಭವೇನು ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ. ಹಣವಲ್ಲ, ಸಮಯವಂತೂ ಅಲ್ಲವೇ ಅಲ್ಲ. ತೋಳನ್ನು ಕಂಕುಳ ತಿರುವಿಗೆ ಕೂಡಿಸಲು ಹೋಗಿ, ತೋಳೇ ಅರ್ಧ ಇಂಚು ಹೆಚ್ಚಾಗಿ ಉಳಿದು, ಮೂರು ಸಲ ಬಿಚ್ಚಿ ನಾಲ್ಕನೆಯ ಸಲ ಕಚ್ಚಾ ಹೊಲಿಗೆ ಹಾಕಿದವರಿಗೆ ಒಂದು ಜ್ಞಾನೋದಯವಾಗುತ್ತದೆ: ಹುಕ್ಕು, ಡಾಟು, ಪಟ್ಟಿ, ಕೊರಳ ಪೈಪಿಂಗ್ ಸಮೇತ ಒಂದು ರವಿಕೆಯನ್ನು ಮೈಗೊಪ್ಪುವಂತೆ ಹೊಲಿದುಕೊಡುವ ಟೈಲರು ಕೇಳುವ ಕೂಲಿ ಎಷ್ಟಿದ್ದರೂ ಅದು ಕಡಿಮೆಯೇ. ಮನೆಯಲ್ಲಿ ಹೊಲಿಯಲು ಕಲಿತವರು ಟೈಲರಿನ ಬಳಿ ಹೋಗುವುದನ್ನು ಬಿಡುವುದಿಲ್ಲ, ಚೌಕಾಸಿ ಮಾಡುವುದನ್ನು ಬಿಡುತ್ತಾರೆ. ಆದುದರಿಂದ ಎಲ್ಲರೂ ಒಂದು ರವಿಕೆಯನ್ನೋ ಅಂಗಿಯನ್ನೋ ತಾವೇ ಹೊಲಿದು ನೋಡುವುದು ಒಳಿತು. ಅದಾದ ಮೇಲೆ ಟೈಲರಿಗೆ ಕೇಳಿದಷ್ಟು ಕೂಲಿ ಕೊಟ್ಟು, ಹಬ್ಬಕ್ಕೆ ಒಂದು ತಿಂಗಳು ಮೊದಲೇ ಬಟ್ಟೆ ಕೊಟ್ಟುಬರುವುದು ಇನ್ನೂ ಒಳಿತು.