ಹಕ್ಕಿಗೆ ಹಬ್ಬ, ಜೇನಿಗೆ ಉಪವಾಸ

ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮ ಮುಕ್ಕಾಲು ಚದರ ಕಿಲೋಮೀಟರೂ ಇಲ್ಲ. 1989ರಲ್ಲಿ ಸರ್ಕಾರ ಅದನ್ನು ಪಕ್ಷಿಧಾಮವೆಂದು ಘೋಷಿಸಿತು. ಹಕ್ಕಿಗಳೇನೂ ಘೋಷಣೆಗೆ ಕಾದು ಕೂತಿರಲಿಲ್ಲ. ಮಳೆ ಹಿಡಿದು ಕೆರೆ ತುಂಬಿತೆಂದರೆ ನೀರಲ್ಲಿ ನಿಂತ ಮರಗಳ ಮೇಲೆ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿಗಳ ಬಾಣಂತನ ಶುರು. ನೋಡುವವರೂ ಆ ಮಳೆಯಲ್ಲೇ ಹೋಗಬೇಕು.

ಹೋದ ಊರಿಂದ ಬರಿಗೈಲಿ ಬರಬಾರದೆಂಬುದು ನಮ್ಮ ಭಾವನ ಸಿದ್ಧಾಂತ. ಹಕ್ಕಿಯನ್ನಂತೂ ಕಟ್ಟಿಕೊಡುವುದಿಲ್ಲ. ಜೇನುತುಪ್ಪವಾದರೂ ಸಿಗಲಿ ಎಂದು ಹತ್ತಿರದ ಹಳ್ಳಿಯಲ್ಲಿ ಜೇನು ಸಾಕುವವರ ಮನೆ ಹುಡುಕಿದೆವು. ಭಾವನ ಪ್ರಕಾರ ಜೇನುಪೆಟ್ಟಿಗೆಯೆಂದರೆ ನಲ್ಲಿ, ತಿರುಗಿಸಿದಾಗೆಲ್ಲ ತುಪ್ಪ ಬರಬೇಕು.

ಅಡಿಕೆ ತೋಟದ ಅಂಚಿನಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳು. ಇರುವೆ ಹತ್ತದಿರಲೆಂದು ಕಾಲಿನ ಬುಡದಲ್ಲಿ ನೀರು. ಯಜಮಾನರು ಮುಚ್ಚಳ ತೆಗೆದು ಗೆರಟೆಯಲ್ಲಿ ಸಕ್ಕರೆ ಪಾಕ ಇಡುತ್ತಿದ್ದರು.

"ತುಪ್ಪ ತೆಗೆಯೋದು ಬೇಸಿಗೆಯಲ್ಲಿ. ಈಗ ಹೂವಿಲ್ಲ, ಮಳೆಗೆ ಹಾರೋಕೂ ಆಗಲ್ಲ. ಈ ಕಾಲದಲ್ಲಿ ಅವು ನಮಗೆ ಕೊಡೋದಲ್ಲ ಮಾರಾಯ್ರೆ, ನಾವೇ ಅವಕ್ಕೆ ಕೊಡಬೇಕು."

ಭಾವ ಕೈಲಿದ್ದ ಖಾಲಿ ಬಾಟಲಿಯನ್ನು ಮೆಲ್ಲಗೆ ಬ್ಯಾಗಿಗೆ ಸೇರಿಸಿದ.

1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು ದಕ್ಷಿಣ ಭಾರತದ ತುಡುವೆ ಸಂಸಾರಗಳಲ್ಲಿ ಬಹುಪಾಲು ನೆಲಕಚ್ಚಿದ್ದವು. ಮರಿಹುಳಗಳು ಎರಿಯಲ್ಲೇ ಸಾಯುತ್ತಿದ್ದವು. ಯಜಮಾನರ ತಂದೆಯ ಪೆಟ್ಟಿಗೆಗಳೂ ಆಗ ಬಚ್ಚಲೊಲೆ ಸೇರಿದ್ದವಂತೆ. ಅಂಥಾದ್ದನ್ನು ಕಂಡ ಮನೆಯವರು ಹುಳಕ್ಕೆ ಪಾಕ ಮಾಡಿ ಬಡಿಸುವುದರಲ್ಲಿ ಆಶ್ಚರ್ಯವೇನಿದೆ!

ಜಗಲಿಗೆ ಬಂದರೆ ಆ ಮನೆಯ ಅಮ್ಮ ಬಾಳೆಹಣ್ಣು ಇಟ್ಟಿದ್ದರು. ಬೇಸರ ಕಳೆಯಲು ಭಾವ ಗೊನೆಯ ಕಡೆಗೇ ವಾಲಿದ. ಆಮೇಲೆ "ಎರಿ ತೋರಿಸ್ತೀರಾ?" ಅಂತ ಎದ್ದರೆ ಯಜಮಾನರು ತಡೆದರು. ಹುಳ ಚುಚ್ಚಿದಾಗ ಉಳಿದವನ್ನು ಕರೆಯಲು ಬಿಡುವ ವಾಸನೆಯೂ ಬಾಳೆಹಣ್ಣಿನ ಘಮವೂ ಹೆಚ್ಚುಕಡಿಮೆ ಒಂದೇ. ಐಸೋಪೆಂಟೈಲ್ ಅಸಿಟೇಟ್ ಎಂಬ ರಾಸಾಯನಿಕ ಎರಡರಲ್ಲೂ ಉಂಟು. ಅಮ್ಮನ ಉಪಚಾರ ಹುಳಗಳ ಪಾಲಿಗೆ ಯುದ್ಧದ ಕಹಳೆ! ಭಾವ ಜಗಲಿಯಲ್ಲೇ ಉಳಿದ. ಸಕ್ಕರೆಕಾಯಿಲೆಯ ಭಯಕ್ಕೆ ಹಣ್ಣು ಮುಟ್ಟದ ನಾನೊಬ್ಬನೇ ಎರಿ ಕಂಡೆ. ಕಾಯಿಲೆಯಿಂದ ಆದ ಏಕೈಕ ಲಾಭ.

ಮರ್ಯಾದೆ ಉಳಿಸಿಕೊಳ್ಳಲು ಭಾವ ಮೊಬೈಲ್ ತೆರೆದು ತಾನು ತೆಗೆದ ಹಕ್ಕಿ ಫೋಟೋ ತೋರಿಸತೊಡಗಿದ. ಕೆಂಬರಲು ಬಂತು, ಹೋಯಿತು. ಹಸಿರು ಕಳ್ಳಿಪೀರವೊಂದು ಕೊಕ್ಕಿನಲ್ಲಿ ಜೇನುಹುಳ ಕಚ್ಚಿಕೊಂಡು ಕೂತ ಚಿತ್ರ ಬಂದಾಗ, "ಇದಕ್ಕೆ ಬಹುಮಾನ ಬರತ್ತೆ ಅಂತಾರೆ" ಎಂದ.

ಯಜಮಾನರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇದನ್ನ ನನಗೂ ಕಳಿಸಿ."

"ಇಷ್ಟವಾಯ್ತಾ?"

"ಪೆಟ್ಟಿಗೆ ಬಾಗಿಲಿಗೆ ಅಂಟಿಸ್ತೇನೆ. ದುಡಿಯೋಕೆ ಹೊರಡೋವೆಲ್ಲ ಹೆಣ್ಣು ಹುಳ ನೋಡಿ, ಕಳ್ಳನ ಗುರುತು ಸಿಗಲಿ."