ಬಡತನ, ಬೆಣ್ಣೆ ಸಮೇತ

ಅಮೆರಿಕದ ಮೇನ್ ರಾಜ್ಯದ ಕಡಲತೀರದಲ್ಲಿ ಬಡತನ ಬಲು ದುಬಾರಿ. ಬಣ್ಣ ಎದ್ದುಹೋದ ಹಲಗೆಯ ಶೆಡ್ಡು, ಕೂರಲು ಮರದ ಬೆಂಚು, ಉಣ್ಣಲು ಕಾಗದದ ತಟ್ಟೆ. ಬಡಿಸುವವರಿಲ್ಲ, ಕಿಟಕಿಯಲ್ಲಿ ನಂಬರು ಕೂಗಿದಾಗ ನೀವೇ ಎದ್ದು ಹೋಗಿ ತರಬೇಕು, ತಿಂದ ಮೇಲೆ ನೀವೇ ಎತ್ತಿ ಕಸದ ಡಬ್ಬಕ್ಕೆ ಹಾಕಬೇಕು. ಇಷ್ಟೊಂದು ಇಲ್ಲಗಳನ್ನು ಒಂದೇ ಸೂರಿನಡಿ ಒದಗಿಸುವ ವ್ಯವಸ್ಥೆಗೆ ‘ಲಾಬ್‌ಸ್ಟರ್ ಶ್ಯಾಕ್’ ಎಂದು ಹೆಸರು. ಉದ್ದನೆಯ ಬನ್ನು ಸೀಳಿ ನಡುವೆ ಲಾಬ್‌ಸ್ಟರ್ ಎಂಬ ಚಿಪ್ಪಿನ ಕಡಲಜೀವಿಯ ಮಾಂಸ ತುರುಕಿದರೆ ಲಾಬ್‌ಸ್ಟರ್ ರೋಲ್. ಹೆಸರುವಾಸಿ ಶೆಡ್ಡುಗಳಲ್ಲಿ ಅದರ ಬೆಲೆ 30 ಡಾಲರ್ ದಾಟಿದೆ. ಮೇಜಿಗೊಂದು ಬಟ್ಟೆ ಹಾಸಿದ್ದರೆ ಇಷ್ಟು ಕೇಳಲು ಮಾಲೀಕನಿಗೇ ಸಂಕೋಚವಾಗುತ್ತಿತ್ತೇನೋ. ಬಟ್ಟೆ ಇಲ್ಲವಲ್ಲ, ಧೈರ್ಯವಾಗಿ ಕೇಳುತ್ತಾನೆ.

ವಿಸ್ಕ್ಯಾಸೆಟ್ ಎಂಬ ಪುಟ್ಟ ಊರಿನಲ್ಲಿ ರೂಟ್ 1 ಹೆದ್ದಾರಿಯ ಪಕ್ಕ ‘ರೆಡ್ಸ್ ಈಟ್ಸ್’ ಎಂಬ ಕೆಂಪು ಗೂಡಂಗಡಿ ಇದೆ. ಬೇಸಿಗೆಯಲ್ಲಿ ಅದರ ಮುಂದಿನ ಸಾಲೇ ಒಂದು ಪ್ರೇಕ್ಷಣೀಯ ಸ್ಥಳ. ಪಾತ್ರೆಯಲ್ಲಿ ಲಾಬ್‌ಸ್ಟರ್ ಬೇಯುವಂತೆ ಸಾಲಿನಲ್ಲಿ ಗಿರಾಕಿಯೂ ಬೇಯುತ್ತಾನೆ. ಪಾಪ, ಲಾಬ್‌ಸ್ಟರಿಗಾದರೆ ಬೇರೆ ದಾರಿ ಇರಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ 2018ರಿಂದ ಜೀವಂತ ಲಾಬ್‌ಸ್ಟರನ್ನು ನೇರವಾಗಿ ಕುದಿನೀರಿಗೆ ಹಾಕುವಂತಿಲ್ಲ, ಮೊದಲು ಪ್ರಜ್ಞೆ ತಪ್ಪಿಸಬೇಕು. ಮೇನ್‌ನಲ್ಲಿ ಆ ಕೆಲಸ ಬಿಲ್ಲಿನದು, ಅದೂ ಗಿರಾಕಿಯ ಪಾಲಿಗೆ.

ಕಾಯುವವರಿಗೆ ಕಾಲಕ್ಷೇಪಕ್ಕೊಂದು ಪುರಾಣವೂ ಉಂಟು. ಹಿಂದೆ ಇಲ್ಲಿ ಲಾಬ್‌ಸ್ಟರ್ ಎಂದರೆ ಬಡವರ, ಕೈದಿಗಳ ಊಟವಂತೆ. ವಾರದಲ್ಲಿ ಇಷ್ಟು ಸಲಕ್ಕಿಂತ ಹೆಚ್ಚು ಬಡಿಸಕೂಡದೆಂದು ಆಳುಗಳು ಕರಾರುಪತ್ರದಲ್ಲೇ ಬರೆಸಿಕೊಳ್ಳುತ್ತಿದ್ದರಂತೆ. ಒಂದು ಕಾಲಕ್ಕೆ ಅಗ್ಗವಾಗಿದ್ದುದು ನಿಜ. ಆ ಕರಾರುಪತ್ರ ಮಾತ್ರ ಹುಡುಕಿದ ಇತಿಹಾಸಕಾರರ ಕೈಗೆ ಸಿಕ್ಕಿಲ್ಲ. ಸಿಗದಿದ್ದರೇನು? ಆಳುಗಳು ಒಲ್ಲೆ ಎಂದದ್ದನ್ನು 30 ಡಾಲರ್ ಕೊಟ್ಟು ತಿನ್ನುವಾಗ, ತಾನು ಬಲು ಸರಳಜೀವಿ ಎಂಬ ತೃಪ್ತಿ ನಂಚಿಕೊಳ್ಳಲು ಸಿಗುತ್ತದಲ್ಲ.

ಬಾಸ್ಟನ್, ನ್ಯೂಜೆರ್ಸಿಯ ನಮ್ಮ ಕನ್ನಡಿಗರೂ ಹಿಂದೆ ಬಿದ್ದಿಲ್ಲ. ಮೇನ್‌ನ ಅಕೇಡಿಯಾ ರಾಷ್ಟ್ರೀಯ ಉದ್ಯಾನಕ್ಕೆ ಹೊರಟವರು ದಾರಿಯಲ್ಲಿ ಶ್ಯಾಕ್ ಮುಂದೆ ಕಾರು ನಿಲ್ಲಿಸಲೇಬೇಕು, ಎದೆಗೆ ಪ್ಲಾಸ್ಟಿಕ್ ಜೊಲ್ಲುಬಟ್ಟೆ ಕಟ್ಟಿಕೊಂಡು ಫೋಟೋ ಹಾಕಲೇಬೇಕು. ಮಲ್ಪೆಯಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡಿ, ಮೂಸಿ, “ನಿನ್ನೆದಲ್ವಾ ಅಕ್ಕ ಇದು?” ಎಂದು ಜಗಳಕ್ಕೆ ನಿಲ್ಲುವ ಮಹಾಶಯ ಇಲ್ಲಿ ತುಟಿ ಬಿಚ್ಚುವುದಿಲ್ಲ. ಮಯೊನೀಸ್‌ನಲ್ಲಿ ಹೊರಳಿದ್ದಕ್ಕೆ ಕಿವಿರನ್ನು ಎಲ್ಲಿಂದ ಎತ್ತುವುದು? ಎದುರಿಗೆ ಸಮುದ್ರ ಇದೆ, ಲಾಬ್‌ಸ್ಟರ್ ಹಿಡಿಯುವ ಬೋನುಗಳ ರಾಶಿ ಇದೆ, ಅಂದ ಮೇಲೆ ತಾಜಾ. ಆದರೆ ಮೇನ್‌ನಲ್ಲಿ ಹಿಡಿದ ಲಾಬ್‌ಸ್ಟರಿನ ದೊಡ್ಡ ಪಾಲು ಗಡಿ ದಾಟಿ ಕೆನಡಾದ ಕಾರ್ಖಾನೆಗಳಿಗೆ ಹೋಗುತ್ತದೆ. ಅಲ್ಲಿ ಬೆಂದು, ಚಿಪ್ಪು ಕಳೆದುಕೊಂಡು, ಎಷ್ಟೋ ಸಲ ಹೆಪ್ಪುಗಟ್ಟಿ ಅಮೆರಿಕಕ್ಕೇ ಮರಳುತ್ತದೆ. ಹಿಂದೆ ನಮ್ಮ ಸಾಫ್ಟ್‌ವೇರ್ ಹುಡುಗರು ಕೆನಡಾಕ್ಕೆ ಹೋಗಿ ವೀಸಾ ಸ್ಟ್ಯಾಂಪಿಂಗ್ ಮಾಡಿಸಿಕೊಂಡು ಬರುತ್ತಿದ್ದ ಹಾಗೆ.

ಜೊತೆಗೆ ಊರಿಂದ ಬಂದ ಸಸ್ಯಾಹಾರಿ ಅಪ್ಪ ಅಮ್ಮ ಇದ್ದರೆ ಅವರ ಪಾಲಿಗೆ ಬೇಯಿಸಿದ ಜೋಳದ ತೆನೆ. “ಇದಕ್ಕಾಗಿ ಐದು ಗಂಟೆ ಕಾರಲ್ಲಿ ಕೂತ್ವೇನೋ?” ಎಂದು ಅಮ್ಮ ಕೇಳಿದರೆ, “ವ್ಯೂ ನೋಡಮ್ಮ” ಎಂಬುದು ಮಗನ ಉತ್ತರ.

ಬೋರ್ಡಿನಲ್ಲಿ ಜೋಳಕ್ಕೆ ಬೆಲೆ ಬರೆದಿದೆ, ಲಾಬ್‌ಸ್ಟರಿನ ಎದುರು ಮಾತ್ರ ‘ಮಾರ್ಕೆಟ್ ಪ್ರೈಸ್’. ಕಡಲಿನ ಏರಿಳಿತದಂತೆ ಬೆಲೆಯೂ ಎಂಬ ನಂಬಿಕೆ. ಲಾಬ್‌ಸ್ಟರ್ ಹಿಡಿಯುವವನು ಅಳತೆಪಟ್ಟಿ ಹಿಡಿದೇ ದುಡಿಯಬೇಕು: ಬೆನ್ನಚಿಪ್ಪು ಮೂರೂಕಾಲು ಇಂಚಿಗಿಂತ ಚಿಕ್ಕದಿದ್ದರೆ ವಾಪಸ್ ನೀರಿಗೆ, ಐದು ಇಂಚು ಮೀರಿದರೂ ನೀರಿಗೆ, ಮೊಟ್ಟೆ ಹೊತ್ತ ಹೆಣ್ಣಾದರೆ ಬಾಲಕ್ಕೊಂದು ಗುರುತಿನ ಕಚ್ಚು ಹಾಕಿ ನೀರಿಗೆ. ಬನ್ನಿನೊಳಗೆ ಎಷ್ಟಿದೆಯೆಂದು ಅಳೆಯುವ ಪಟ್ಟಿ ಕಿಟಕಿಯ ಈಚೆ ನಿಂತವನಿಗೆ ಯಾರೂ ಕೊಟ್ಟಿಲ್ಲ. ಇನ್ನು ಬೆಲೆಯ ಏರಿಳಿತದ ಕಥೆ. 2012ರಲ್ಲಿ ಸಮುದ್ರ ಬೆಚ್ಚಗಾಗಿ, ಲಾಬ್‌ಸ್ಟರ್‌ಗಳು ಹೊತ್ತಿಗೆ ಮುಂಚೆಯೇ ಚಿಪ್ಪು ಕಳಚಿ ರಾಶಿ ರಾಶಿ ಬೋನಿಗೆ ಬಿದ್ದವು. ದೋಣಿಕಟ್ಟೆಯಲ್ಲಿ ದರ ಪೌಂಡಿಗೆ ಎರಡು ಡಾಲರ್ ಆಸುಪಾಸಿಗೆ ಕುಸಿಯಿತು; ಡೀಸೆಲ್ ಖರ್ಚೂ ಹುಟ್ಟದೆ ಕೆಲವರು ದೋಣಿ ಕಟ್ಟಿಹಾಕಿ ಕೂತರು. ಹೋಟೆಲುಗಳ ದರಪಟ್ಟಿಗೆ ಆ ಸುದ್ದಿ ಮುಟ್ಟಲೇ ಇಲ್ಲ, ದಾರಿ ತಪ್ಪಿರಬೇಕು. 2021ರಲ್ಲಿ ಕಟ್ಟೆಯ ಸರಾಸರಿ ದರ ಆರು ಡಾಲರ್ ದಾಟಿತು. ಈ ಸಲ ಸುದ್ದಿ ಮಧ್ಯಾಹ್ನದ ಊಟದೊಳಗೇ ಬಂದು ತಲುಪಿತು.